ಎರಡು ಟನ್ನಿನ ತೊಲೆ

ಕೇರಿಯಿಂದ ಹೊರಗೆ ಬರಬೇಕಾದರೆ ಬಗ್ಗಬೇಕಿತ್ತು. ಒಳಗೆ ಹೋಗಬೇಕಾದರೂ ಬಗ್ಗಬೇಕಿತ್ತು.

ಓಣಿಯ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ತೊಲೆ. ಎರಡು ಬದಿಗೆ ಎರಡು ಕಲ್ಲಿನ ಕಂಬ. ಕಂಬದ ತಲೆಯಲ್ಲಿ ನಾಲ್ಕು ಬೆರಳು ಆಳದ ಗೂಡು ಕಡೆದು ಅದರಲ್ಲಿ ತೊಲೆಯ ತುದಿ ಕೂರಿಸಿದ್ದರು. ಎತ್ತರ ಸರಿಯಾಗಿ ಎದೆಮಟ್ಟ. ಹತ್ತಿ ದಾಟಲು ಬಾರದು, ನೆಟ್ಟಗೆ ನಡೆಯಲೂ ಬಾರದು. ನಾಯಿ, ಕೋಳಿ, ಸಣ್ಣ ಕೂಸು ಸಲೀಸಾಗಿ ಹೋಗುತ್ತಿದ್ದವು. ಮೈ ಬೆಳೆದವರೆಲ್ಲ ನಡು ಮುರಿಯಬೇಕು.

ಹಾಕಿಸಿದವನು ನಾಗನಾಥ ಸಾಹುಕಾರ. ಬಸವಕಲ್ಯಾಣದಿಂದ ನಾರಾಯಣಪುರಕ್ಕೆ ಹೋಗುವ ರಸ್ತೆಗೆ ಕೇರಿಯ ಓಣಿ ಕೂಡುವ ಮೂಲೆಯಲ್ಲಿ ಅವನ ಮದುವೆ ಹಾಲ್ ಇತ್ತು. ಹಾಲಿನ ಗೋಡೆಯ ಮೇಲೆ ಬಂಗಾರದ ಬಣ್ಣದಲ್ಲಿ ವಚನ ಬರೆಸಿದ್ದ. ಆ ಅಕ್ಷರಗಳ ಕೆಳಗೆ ದಲಿತರ ಆಟೋ, ಕೈಗಾಡಿ, ಹೆಣ ಹಾದುಹೋಗುವುದು ಅವನಿಗೆ ಸೇರಲಿಲ್ಲ. ಮದುವೆಗೆ ಬಂದವರ ಕಾರಿಗೆ ಜಾಗ ಬೇಕು ಅಂದ. ಓಣಿ ಊರಿನದು. ತೊಲೆ ಅವನದು.

"ಇದಕ್ಕ ಬೀಗ ಬ್ಯಾಡ," ಅಂದಿದ್ದ ಹಾಕಿಸಿದ ದಿನ. "ಇದರ ತೂಕಾನೇ ಬೀಗ. ಎರಡ ಟನ್ ಅದ. ಕ್ರೇನ್ ಬರದ ಹೊರತು ಅಲುಗಾಡಂಗಿಲ್ಲ."

ಆ ಮಾತು ಕೇರಿಯ ಮನೆಮನೆಗೂ ಇಳಿಯಿತು. ದೂರು ಕೊಟ್ಟಾಗ ಒಬ್ಬ ಅಧಿಕಾರಿ ಬಂದ. ಸಾಹುಕಾರನ ಬಾಲ್ಕನಿಯಲ್ಲಿ ಚಹಾ ಕುಡಿದ. ಕೆಳಗಿಳಿದು ಪೆನ್ನಿನಿಂದ ತೊಲೆಗೆ ಟಣ್ ಟಣ್ ಬಡಿದ. "ಎರಡು ಟನ್ನು. ಕ್ರೇನ್ ಸಿಕ್ಕಾಗ ತೆಗೆಸೋಣ," ಅಂದು ಹೋದ. ಕ್ರೇನ್ ಸಿಗಲಿಲ್ಲ.

ಸಾಹುಕಾರ ಮುಂಜಾನೆ ಬಾಲ್ಕನಿಯಲ್ಲಿ ಕೂರುತ್ತಿದ್ದ. ಕೇರಿಯ ಹೆಂಗಸರು ಕೆಲಸಕ್ಕೆ ಹೊರಡುವ ಹೊತ್ತು ಅದೇ. ಒಬ್ಬೊಬ್ಬಳೂ ಬಗ್ಗಿ ಹೊರಗೆ ಬರುವುದನ್ನು ನೋಡಿ ನಗುತ್ತಿದ್ದ. "ನೋಡ್ರಿ, ದಿನಾ ಎಷ್ಟ ನಮಸ್ಕಾರ ಬೀಳ್ತಾವ ನಮಗ."

ದ್ರೌಪತಿಗೆ ಆ ನಗು ಬೆನ್ನ ಮೇಲೆ ಉಗುಳಿದಂತೆ ಅನಿಸುತ್ತಿತ್ತು.

ಅವಳು ಗೌಂಡಿಯ ಕೈಕೆಳಗೆ ಬುಟ್ಟಿ ಹೊರುವವಳು. ಗಂಡ ಸತ್ತಾಗಿನಿಂದ ಅದೇ ಕೆಲಸ. ಉಸುಕು, ಇಟ್ಟಿಗೆ, ಹಸಿ ಕಾಂಕ್ರೀಟು, ಎಲ್ಲ ತಲೆಯ ಮೇಲೆ. ಏಣಿ ಹತ್ತುವಾಗ ಕುತ್ತಿಗೆ ಒಂದಿಷ್ಟು ವಾಲಿದರೂ ಬುಟ್ಟಿ ಬೀಳುತ್ತದೆ. ಹಾಗಾಗಿ ದಿನವಿಡೀ ಅವಳ ಬೆನ್ನು ಕೋಲಿನಂತೆ ನೆಟ್ಟಗೆ. ಸಂಜೆ ಮನೆಗೆ ಬಂದಾಗ ಮಾತ್ರ ಬಗ್ಗಬೇಕು. ತನ್ನ ಮನೆಗೆ. ಒಮ್ಮೆ ಕೊಡ ಹೊತ್ತು ಅರ್ಧ ಮಾತ್ರ ಬಗ್ಗಿ ನಡೆದಿದ್ದಳು. ತೊಲೆ ಹಣೆಗೆ ಬಡಿದು ಹುಬ್ಬು ಸೀಳಿತ್ತು. ಆ ಗಾಯದ ಗೆರೆ ಇನ್ನೂ ಇತ್ತು.

ಮಗ ಮಾರುತಿ ಆಟೋ ಓಡಿಸುತ್ತಿದ್ದ. ಆಟೋ ಮನೆಗೆ ತರುವಂತಿರಲಿಲ್ಲ, ರಸ್ತೆಯಲ್ಲೇ ಬಿಡಬೇಕು. ದೂರಿಗೆ ಮೊದಲ ಹೆಬ್ಬೆಟ್ಟು ಒತ್ತಿದವಳು ದ್ರೌಪತಿ. ಮರುದಿನ ಆಟೋದ ಮುಂದಿನ ಗಾಜು ಪುಡಿಯಾಗಿತ್ತು. ಯಾರು ಅಂತ ಯಾರೂ ನೋಡಿರಲಿಲ್ಲ.

ಇಷ್ಟನ್ನೂ ಅವಳು ನುಂಗಿಕೊಂಡಿದ್ದಳು. ಸೊಸೆ ಜಗದೇವಿಯ ಹೆರಿಗೆಯನ್ನು ಮಾತ್ರ ನುಂಗಲಾಗಲಿಲ್ಲ.

ಮಧ್ಯಾಹ್ನ ಬೇನೆ ಎದ್ದಿತು. ಆಂಬುಲೆನ್ಸ್ ರಸ್ತೆಯಲ್ಲಿ ನಿಂತಿತು. ಒಳಗೆ ಬರಲು ದಾರಿಯಿಲ್ಲ. ಜಗದೇವಿಯನ್ನು ಹೊರಸಿನ ಮೇಲೆ ಮಲಗಿಸಿ ಹೆಗಲ ಮೇಲೆ ತಂದರು. ತೊಲೆಯ ಹತ್ತಿರ ನೆಲಕ್ಕೆ ಇಳಿಸಿದರು. ಹೊರಸನ್ನು ಕಲ್ಲು, ಗಾಜಿನ ಚೂರಿನ ಮೇಲೆ ಕರಕರ ಎಳೆದರು. ಅದೇ ಹೊತ್ತಿಗೆ ಬೇನೆ ಒತ್ತಿ ಬಂತು. ಜಗದೇವಿ ಬಿಲ್ಲಿನಂತೆ ಮೇಲೆದ್ದಳು. ಮೊಣಕಾಲು ಕಬ್ಬಿಣಕ್ಕೆ ಬಡಿಯಿತು. ಹಾಲಿನಲ್ಲಿ ಯಾರದೋ ಮದುವೆ. ಬಾಲ್ಕನಿಯ ತುಂಬ ಮಂದಿ. ಒಬ್ಬ ಮೊಬೈಲು ಹಿಡಿದಿದ್ದ.

"ಲಗೂನ ಎಳೀರಿ," ಸಾಹುಕಾರ ಮೇಲಿನಿಂದ ಕೂಗಿದ. "ಮಂದಿ ಊಟಕ್ಕ ಕುಂತಾರ."

ಕೂಸು ಆಸ್ಪತ್ರೆ ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ಹುಟ್ಟಿತು. ಹೆಣ್ಣು. ಗಂಟಲು ಹರಿಯುವಂತೆ ಅತ್ತಿತು. ಬದುಕಿತು.

ಅವತ್ತು ಸಂಜೆ ಮನೆಗೆ ಮರಳುವಾಗ ದ್ರೌಪತಿ ತೊಲೆಯ ಮುಂದೆ ನಿಂತಳು. ಎರಡೂ ಅಂಗೈ ಒತ್ತಿ ನೂಕಿದಳು. ಅಲುಗಲಿಲ್ಲ. ಎರಡು ಟನ್ನು. ಬಗ್ಗಿ ಒಳಗೆ ಹೋದಳು.

ಹುಮನಾಬಾದಿನಲ್ಲಿ, ಮಾಣಿಕನಗರದ ಕಡೆ ಒಂದು ಲಾಡ್ಜ್ ಏಳುತ್ತಿತ್ತು. ಕೇರಿಯ ಹೆಂಗಸರು ದಿನಾ ಟಂಟಂ ಹತ್ತಿ ಅಲ್ಲಿಗೆ ಹೋಗುತ್ತಿದ್ದರು. ಒಂದು ದಿನ ಅಲ್ಲಿಗೆ ಕಬ್ಬಿಣದ ತೊಲೆಗಳು ಬಂದವು. ಲಾರಿಯವನು ರಸ್ತೆಯ ಪಕ್ಕ ಕೆಡವಿ ಹೋದ. ಒಳಗೆ ಸಾಗಿಸಲು ಕ್ರೇನ್ ಬರಬೇಕಿತ್ತು, ಬರಲಿಲ್ಲ. ಮಿಸ್ತ್ರಿ ಗಡಿಯಾರ ನೋಡಿದ. ಹೆಂಗಸರನ್ನು ನೋಡಿದ.

"ಎಲ್ಲಾರೂ ಬರ್ರಿ. ಹೆಗಲ ಕೊಡ್ರಿ. ಐಸಾ ಅಂದ್ರ ಎದ್ದು ಬಿಡಬೇಕು."

ಸೀರೆಯ ಸೆರಗನ್ನು ಸಿಂಬೆ ಸುತ್ತಿ ಭುಜದ ಮೇಲೆ ಇಟ್ಟುಕೊಂಡರು. ಐಸಾ ಅಂದರು. ಎದ್ದರು. ಒಳಗೆ ಇಟ್ಟು ಬಂದರು. ಇನ್ನೊಂದು. ಮತ್ತೊಂದು. ಯಾರೂ ಏನೂ ಯೋಚಿಸಲಿಲ್ಲ. ಕೆಲಸ ಮುಗಿದ ಮೇಲೆ ದ್ರೌಪತಿ ಸಿಂಬೆ ಬಿಚ್ಚಿದಳು. ಸೆರಗಿಗೆ ತುಕ್ಕಿನ ಕೆಂಪು ಹತ್ತಿತ್ತು. ಅದನ್ನು ಕೊಡವುತ್ತ ಕೊಡವುತ್ತ ಅವಳ ಕೈ ನಿಂತಿತು.

ಇದೂ ತೊಲೆ. ಅದೂ ತೊಲೆ.

"ಮಿಸ್ತ್ರಿ, ಇದರ ತೂಕ ಎಷ್ಟ್ರಿ?" ಕೇಳಿದಳು.

"ನಿನಗ್ಯಾಕ ಅದು? ಎತ್ತಂದ್ರ ಎತ್ತು."

ಲಾಡ್ಜಿನ ಬಾಜೂಕೇ ಅಜೀಮುದ್ದೀನನ ಗುಜರಿ ಅಂಗಡಿ. ಆ ಮುದುಕ, ಮಿಸ್ತ್ರಿಯಿಂದ ಹಳೆ ಕಬ್ಬಿಣ ಕೊಳ್ಳುತ್ತಿದ್ದ. ಅವನ ತಕ್ಕಡಿ ಸಣ್ಣದು. ಆದರೂ ಮಾರುದ್ದದ ಸಾಮಾನಿಗೆಲ್ಲ ಬಾಯಿಂದಲೇ ತೂಕ ಹೇಳುತ್ತಿದ್ದ. ಊಟದ ಹೊತ್ತಿಗೆ ದ್ರೌಪತಿ ರೊಟ್ಟಿಯ ಗಂಟು ಹಿಡಿದು ಅಲ್ಲಿಗೇ ಹೋದಳು.

"ಚಾಚಾ, ಇಷ್ಟುದ್ದ ಕಬ್ಬಿಣ ಈ ತಕ್ಕಡಿ ಮ್ಯಾಲ ಹ್ಯಾಂಗ ಇಡ್ತೀರಿ?"

"ಇಡೂದಿಲ್ಲ ಬೇಟಿ. ತುಂಡು ತೂಗ್ತೀನಿ." ಅವನು ಕತ್ತರಿಸಿದ ಒಂದು ತುಂಡು ತೋರಿಸಿದ. "ಇದು ಈ ಉದ್ದನ ಕಬ್ಬಿಣದ್ದೇ ತುಂಡು. ಇದನ್ನ ತೂಗ್ದೆ. ಈಗ ಇದು ಅದರ ಮ್ಯಾಲ ಎಷ್ಟ ಸಲ ಕೂಡ್ತದ ನೋಡೋದು. ಅಷ್ಟ ಸಲ ಇದರ ತೂಕ. ಖತಂ."

"ನಡುವ ಎಲ್ಲರ ಹೆಚ್ಚ ಭಾರ ಇದ್ರ?"

ಮುದುಕ ನಕ್ಕ. "ಕಬ್ಬಿಣ ಮನಷ್ಯಾರಂಗ ಅಲ್ಲ. ಒಂದ ದಪ್ಪ ಇದ್ರ ತಲಿ ಕಡಿ ಎಷ್ಟೋ ಕಾಲ ಕಡೀನೂ ಅಷ್ಟ. ಅದರಾಗ ಮ್ಯಾಲಿಂದು, ಕೆಳಗಿಂದು ಅಂತ ಇಲ್ಲ. ಆದ್ರ ತುಂಡು ಅದೇ ಸಾಮಾನಿಂದ ಇರಬೇಕು. ಕಟ್ಟಿಗಿ ತುಂಡ ತೂಗಿ ಕಬ್ಬಿಣದ ಲೆಕ್ಕ ಹಿಡದ್ರ ಮುಳುಗಿದಂಗ. ಅಷ್ಟೇ ಉದ್ದ ಇದ್ರೂ ಕಟ್ಟಿಗಿ ಹಗುರ, ಕಬ್ಬಿಣ ಭಾರ, ಸೀಸ ಅದಕ್ಕಿಂತ ಭಾರ."

ದ್ರೌಪತಿ ಓಣಿಯ ತೊಲೆಯ ಕಥೆ ಹೇಳಿದಳು. ಎಷ್ಟು ಅಗಲ, ಎಷ್ಟು ಉದ್ದ ಅಂತ ಕೈಯಲ್ಲಿ ತೋರಿಸಿದಳು. ಎರಡು ಟನ್ ಅಂದಾಗ ಅಜೀಮುದ್ದೀನ್ ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು.

"ಎರಡ ಟನ್? ಅಷ್ಟ ಆಗಬೇಕಂದ್ರ ಅದು ನಿಮ್ಮ ಓಣಿ ದಾಟಿ ಸಾವ್ಕಾರನ ಮನಿ ಹೊಕ್ಕು ಹಿಂದಿನ ಬಾಗಿಲಲೆ ಹೊರಗ ಬರಬೇಕಾಗ್ತದ! ಯಾರ ತೂಗ್ಯಾರ ಅದನ್ನ?"

ಯಾರೂ ತೂಗಿರಲಿಲ್ಲ. ದ್ರೌಪತಿಗೆ ಅದು ಅಲ್ಲೇ ಹೊಳೆದದ್ದು. ಯಾರೂ ತೂಗಿರಲಿಲ್ಲ. ಸಾಹುಕಾರ ಹೇಳಿದ್ದ, ಅವರು ಕೇಳಿದ್ದರು.

ಆದರೆ ತುಂಡು? ಆ ತೊಲೆಯ ತುಂಡು ಎಲ್ಲಿಂದ ತರುವುದು? ವಾಪಸು ಬರುವಾಗ ಟಂಟಂನಲ್ಲಿ ಅದೇ ಯೋಚನೆ. ತುಂಬಿದ ಗಾಡಿ, ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು. ಗಾಡಿ ಒಂದು ಗುಂಡಿಗೆ ಬಿದ್ದು ಎದ್ದಾಗ ಅವಳಿಗೆ ನೆನಪಾಯಿತು. ಹಾಕಿಸಿದ ದಿನ ತೊಲೆ ಉದ್ದವಾಗಿತ್ತು. ಕಂಬದ ಆಚೆ ಚಾಚಿತ್ತು. ವೆಲ್ಡಿಂಗಿನವನು ತುದಿ ಕತ್ತರಿಸಿದ್ದ. ಆ ತುಂಡು ಕೇರಿಯ ಕಡೆಗೆ ಬಿದ್ದಿತ್ತು. ಮುದುಕಿ ಸೋನುಬಾಯಿ ಅದನ್ನು ಉರುಳಿಸಿಕೊಂಡು ಹೋಗಿ, ಚಾವಣಿಯ ತಗಡು ಗಾಳಿಗೆ ಹಾರಬಾರದೆಂದು ಅದರ ಮೇಲೆ ಇಡಿಸಿದ್ದಳು.

ದ್ರೌಪತಿಗೆ ನಗು ಬಂತು. ತಡೆದಳು. ಹೊಟ್ಟೆಯೊಳಗಿನಿಂದ ಮತ್ತೆ ಬಂತು. ಸೆರಗು ಬಾಯಿಗೆ ತುರುಕಿಕೊಂಡಳು. ಆಗಲಿಲ್ಲ. ಟಂಟಂ ತುಂಬ ಕೇಳುವಂತೆ ನಕ್ಕಳು.

"ಏನಾತು ಅಕ್ಕಾ?" ಪಕ್ಕದಲ್ಲಿದ್ದ ಫರಹತ್ ಕೇಳಿದಳು. ಅವಳ ಮನೆ ಕೇರಿಯ ಕೊನೆಗೆ. ಅವಳೂ ದಿನಾ ಅದೇ ತೊಲೆಗೆ ಬಗ್ಗುವವಳು.

"ಸೋನುಆಯಿ ಮನಿ ಮ್ಯಾಲ," ಅಂದಳು ದ್ರೌಪತಿ. ಮುಂದೆ ಹೇಳಲಾಗಲಿಲ್ಲ. ಅವಳು ನಗುವುದನ್ನು ನೋಡಿ ಉಳಿದವರೂ ನಗತೊಡಗಿದರು. ಯಾತಕ್ಕೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಇನ್ನೂ ಬೆಳಕಿತ್ತು. ದ್ರೌಪತಿ ಬುಟ್ಟಿ ಕೂಡ ಇಳಿಸದೆ ಸೋನುಬಾಯಿಯ ಮನೆ ಹತ್ತಿದಳು.

"ನನ್ನ ತಗಡ ಹಾರಿ ಹೋಗ್ತದ ಖೋಡಿ!" ಮುದುಕಿ ಕೆಳಗಿನಿಂದ ಕೂಗಿದಳು.

"ಹಾರ್ಲಿ ಬಿಡು ಆಯಿ!"

ಒಂದು ಮೊಳ ಉದ್ದದ ತುಂಡು. ದ್ರೌಪತಿ, ಫರಹತ್ ಇಬ್ಬರೂ ಅದನ್ನು ಓಣಿಯ ಬಾಯಿಗೆ ತಂದರು. ತೊಲೆಯ ಪಕ್ಕ ಹಿಡಿದು ನೋಡಿದರು. ಅದೇ ದಪ್ಪ, ಅದೇ ಅಗಲ, ಅದೇ ಹಳದಿ ಬಣ್ಣ. ತೊಲೆಯ ಒಂದು ತುದಿಯಿಂದ ತುಂಡು ಇಟ್ಟರು, ಸುಣ್ಣದ ಗೆರೆ ಎಳೆದರು. ಮುಂದಕ್ಕೆ ಸರಿಸಿದರು, ಮತ್ತೊಂದು ಗೆರೆ.

ಹಾಲಿನ ಕಾವಲುಗಾರ ಬೀಡಿ ಸೇದುತ್ತ ಬಂದ. "ಏನ ಮಾಡಾಕತ್ತೀರಿ?"

"ಅರಿಬಿ ಒಣಗ ಹಾಕಾಕ ಜಾಗ ಹಂಚ್ಕೊಳ್ಳಾಕತ್ತೇವಿ," ಅಂದಳು ಫರಹತ್, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. "ಒಬ್ಬೊಬ್ಬರಿಗೆ ಒಂದೊಂದ ಮೊಳ."

ಅವನು ತಲೆ ಆಡಿಸಿ ಹೋದ. ದ್ರೌಪತಿ ಕೆಳಗೆ ಕೂತು ನಗು ನುಂಗಿದಳು.

ಹದಿನಾಲ್ಕು ಗೆರೆ ಬಿದ್ದವು. ಮೇಲೆ ಒಂದಿಷ್ಟು ಉಳಿಯಿತು.

ಸೋನುಬಾಯಿಯ ಅಂಗಳದಲ್ಲಿ ಹೆಂಗಸರು ಕೂಡಿದರು. ದ್ರೌಪತಿ ತುಂಡನ್ನು ನಡುವೆ ಇಟ್ಟಳು. "ಒಬ್ಬೊಬ್ಬರು ಎತ್ತಿ ನೋಡ್ರಿ." ಫರಹತ್ ಎತ್ತಿದಳು. ಅವಳಿಂದ ಇನ್ನೊಬ್ಬಳು. ಒಬ್ಬಳು ಬಗಲಲ್ಲಿ ಕೂಸಿನಂತೆ ಕೂರಿಸಿಕೊಂಡು ಲಾಲಿ ಹಾಡಿದಳು. ಒಬ್ಬಳು ತಲೆಯ ಮೇಲಿಟ್ಟು ಎರಡೂ ಕೈ ಬಿಟ್ಟು ಅಂಗಳ ಸುತ್ತಿದಳು.

"ಅರ್ಧ ಚೀಲ ಸಿಮೆಂಟಿನಷ್ಟೂ ಇಲ್ಲ ಇದು. ಹದಿನೆಂಟ ಕಿಲೋ ಇದ್ರ ಇದ್ದೀತು."

"ನನ್ನ ಗಂಡ ಕುಡದು ಬಿದ್ದಾಗ ಇದಕ್ಕಿಂತ ಹೆಚ್ಚ ಎತ್ತೇನಿ."

ದ್ರೌಪತಿ ಎದ್ದು ನಿಂತಳು. "ಕೇಳ್ರಿ. ಆ ತೊಲಿ ಅಂದ್ರ ಇಂಥಾ ಹದಿನಾಕು. ಅಷ್ಟ. ನಾವು ಹದಿನಾಕ ಮಂದಿ ಹೆಗಲ ಕೊಟ್ರ ಒಬ್ಬೊಬ್ಬರ ಪಾಲಿಗೆ ಇದೊಂದ ತುಂಡು. ಎರಡ ಟನ್ ಅಲ್ಲ. ಕಾಲ ಟನ್."

ಹೆಂಗಸರು ಬೆರಳು ಮಡಿಸಿ ತಮ್ಮನ್ನೇ ಎಣಿಸಿಕೊಂಡರು. ಆಮೇಲೆ ಯಾರೋ ಕಿಸಕ್ಕೆಂದರು. ನಗು ಅಂಗಳಕ್ಕೆ ಬೆಂಕಿಯಂತೆ ಹತ್ತಿಕೊಂಡಿತು. ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಇದಕ್ಕೆ, ಇದಕ್ಕೆ ನಾವು ಬಗ್ಗಿದ್ದು?

ಜಗದೇವಿ ನಗಲಿಲ್ಲ. ಕೂಸಿಗೆ ಹಾಲು ಕೊಡುತ್ತ ಗೋಡೆಗೆ ಒರಗಿ ಕೂತಿದ್ದಳು.

"ಇಷ್ಟ ಇದ್ದದ್ದಕ್ಕ ನನ್ನ ನೆಲದ ಮ್ಯಾಲ ಎಳದ್ರಿ," ಅಂದಳು.

ಅಂಗಳ ತಣ್ಣಗಾಯಿತು. ದ್ರೌಪತಿ ಸೊಸೆಯ ಮುಖ ನೋಡಲಾರದೆ ತುಂಡನ್ನು ನೋಡಿದಳು.

"ಮ್ಯಾಲ ಒಂದೀಟು ಉಳದದಲ್ಲ," ಸೋನುಬಾಯಿ ಮೂಲೆಯಿಂದ ಹೇಳಿದಳು. "ಗೆರಿ ಆಚೆ. ಅದು ನಂದು. ನನಗ ಅಷ್ಟ ಸಾಕು."

ಮತ್ತೆ ನಗು ಎದ್ದಿತು. ಈ ಸಲ ಜಗದೇವಿಯೂ ತುಟಿ ಕಚ್ಚಿದಳು.

ಮಾರುತಿಗೆ ಸುದ್ದಿ ಮುಟ್ಟಿದಾಗ ಸಿಟ್ಟಿಗೆದ್ದ. "ಅವ್ವಾ, ಹುಚ್ಚ ಹಿಡದದೇನು? ಕಾಲ ಮ್ಯಾಲ ಬಿದ್ರ?"

"ದಿನಾ ಮೂರನೇ ಮಾಳಿಗಿಗೆ ಇದಕ್ಕಿಂತ ಭಾರ ಹೊರ್ತೇನಿ. ಅಲ್ಲಿ ಬಿದ್ರ ಯಾರ ಕೇಳ್ತಾರ?"

"ಹಂಗಾರ ನಾವೂ ಬರ್ತೇವಿ."

"ಬ್ಯಾಡ. ನೀವು ಕೈ ಹಚ್ಚಿದ್ರ ಬಡದಾಟ ಮಾಡಾಕ ಬಂದ್ರು ಅಂತ ಕೇಸ್ ಹಾಕ್ತಾರ. ನೀ ರಸ್ತಾದಾಗ ಆಟೋ ಚಾಲೂ ಇಟ್ಟು ನಿಂದ್ರು."

"ಯಾವತ್ತು?"

"ಸಾವ್ಕಾರನ ಹಾಲಿನಾಗ ಮದುವಿ ಇದ್ದ ದಿನ. ಮಂದಿ ತುಂಬಿರಬೇಕು. ಅವತ್ತೂ ತುಂಬಿದ್ರು."

ಆ ದಿನ ಬಂತು. ಹೆಂಗಸರು ಹುಮನಾಬಾದಿಗೆ ಹೋಗಲಿಲ್ಲ. ಟಂಟಂ ಖಾಲಿ ಹೋಯಿತು. ಮುಂಜಾನೆ ದ್ರೌಪತಿ ಒಲೆ ಹಚ್ಚಿದಳು. ಚಹಾಕ್ಕೆ ಸಕ್ಕರೆ ಎಂದು ಉಪ್ಪು ಹಾಕಿದಳು. ಅದನ್ನೇ ಕುಡಿದಳು.

ಹಾಲಿನ ಮುಂದೆ ಬ್ಯಾಂಡು ನಿಂತಿತ್ತು. ಹುಮನಾಬಾದಿನ ಸರ್ಫರಾಜನ ಬ್ಯಾಂಡು. ಕೆಂಪು ಕೋಟು, ಬಂಗಾರದ ಗುಂಡಿ, ಬೆವರು. ಬ್ಯಾಂಡಿನವರಿಗೆ ಒಳಗೆ ನೆರಳೂ ಇಲ್ಲ, ಎಲ್ಲರ ಊಟ ಮುಗಿಯುವ ತನಕ ಅನ್ನವೂ ಇಲ್ಲ. ಮದುಮಗನ ಮೆರವಣಿಗೆ ಬಾಗಿಲಿಗೆ ಬಂದು ಕಾರುಗಳು ನಿಂತವು. ರಸ್ತೆಯ ತುಂಬ ರೇಷ್ಮೆ ಸೀರೆ.

ಕೇರಿಯೊಳಗಿನಿಂದ ಹೆಂಗಸರು ಸಾಲಾಗಿ ಬಂದರು. ಭುಜದ ಮೇಲೆ ಸಿಂಬೆ. ಗಿಡ್ಡ ಇದ್ದವರ ಸಿಂಬೆ ದಪ್ಪ, ಎತ್ತರ ಇದ್ದವರದು ತೆಳು. ತೊಲೆಯ ಈ ಬದಿಗೆ ಏಳು, ಆ ಬದಿಗೆ ಏಳು. ಒಬ್ಬೊಬ್ಬಳೂ ತನ್ನ ಸುಣ್ಣದ ಗೆರೆಯ ಕೆಳಗೆ. ಸೋನುಬಾಯಿ ತುದಿಯ ಆ ಒಂದೀಟು ಜಾಗದಲ್ಲಿ. ಎಲ್ಲರೂ ಮುಖ ಹಾಲಿನ ಕಡೆಗೆ ಮಾಡಿ, ಮೊಣಕಾಲು ಮಡಿಸಿ, ತೊಲೆಯ ಕೆಳಗೆ ಬಗ್ಗಿದರು.

ಸಾಹುಕಾರ ಬಾಲ್ಕನಿಯಿಂದ ನೋಡಿದ. ಮೊದಲು ನಕ್ಕ. "ನೋಡ್ರಿ, ಇವತ್ತ ಎಲ್ಲಾರೂ ಕೂಡೇ ನಮಸ್ಕಾರ!"

"ಐಸಾ!" ದ್ರೌಪತಿ ಕೂಗಿದಳು.

ತೊಲೆ ಅಲುಗಲಿಲ್ಲ.

ಮತ್ತೆ ಐಸಾ. ಸೋನುಬಾಯಿಯ ಕಡೆಯ ತುದಿ ಕಟ್ಟೆಂದು ಮೇಲೆದ್ದಿತು, ವಾಪಸು ಕೂತಿತು. ಇನ್ನೊಂದು ತುದಿ ಮಿಸುಕಲಿಲ್ಲ. ದ್ರೌಪತಿ ಆ ತುದಿಯತ್ತ ತಿರುಗಿದಳು. ಲೆಕ್ಕ ತಪ್ಪಿತೇ? ತೂಕ ಗೊತ್ತಾಗಿತ್ತು. ಅದು ಕಂಬಕ್ಕೆ ಎಷ್ಟು ಕಚ್ಚಿಕೊಂಡಿದೆ ಅನ್ನುವುದನ್ನು ಯಾರೂ ನೋಡಿರಲಿಲ್ಲ. ಬಗ್ಗಿ ನೋಡಿದಳು. ಹಾಲಿನ ಗೋಡೆ ಗಿಲಾವು ಮಾಡಿದಾಗ ಸುರಿದ ಸಿಮೆಂಟು ಆ ಗೂಡಿನಲ್ಲಿ ಒಣಗಿ ಕಲ್ಲಾಗಿತ್ತು.

"ಏ! ಸಾಯ್ತೀರಿ!" ಸಾಹುಕಾರ ಈಗ ನಗುತ್ತಿರಲಿಲ್ಲ. "ಎರಡ ಟನ್ ಅದ ಅದು! ಬಿಡ್ರಿ!"

"ಕೆಳಗ ಬರ್ರಿ ಸಾವ್ಕಾರ್ರ," ಸೋನುಬಾಯಿ ಬಗ್ಗಿದಲ್ಲಿಂದಲೇ ಕೂಗಿದಳು. "ನಿಮಗೂ ಒಂದೀಟ ಜಾಗ ಬಿಡ್ತೇವಿ!"

ಹೆಂಗಸರಿಗೆ ನಗು ತಡೆಯಲಾಗಲಿಲ್ಲ. ಮೊಣಕಾಲು ಸಡಿಲಾದವು. "ನಗಬ್ಯಾಡ್ರೇ!" ಅಂದು ದ್ರೌಪತಿಯೇ ನಕ್ಕಳು.

ಜಗದೇವಿ ತೊಲೆಯ ಕೆಳಗೆ ನುಸುಳಿ ರಸ್ತೆಗೆ ಬಂದಳು. ಕೂಸನ್ನು ಮಾರುತಿಯ ಕೈಗಿಟ್ಟಳು. ರಸ್ತೆ ಬದಿಯ ದೊಡ್ಡ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿದಳು. ಮಾರುತಿ ಬೇಡ ಅಂದರೂ ಕೇಳಲಿಲ್ಲ. ಕಂಬದ ಹತ್ತಿರ ಹೋಗಿ ತೊಲೆಯ ತುದಿಗೆ ಬಡಿದಳು. ಸಿಮೆಂಟಿನ ಹೊಪ್ಪಳಿಕೆ ಎದ್ದಿತು. ಮತ್ತೆ ಬಡಿದಳು. ಹೊರಸಿನ ಮೇಲೆ ನುಂಗಿದ್ದೆಲ್ಲ ತೋಳಿಗೆ ಬಂದಿತ್ತು. ಬಡಿದಳು, ಬಡಿದಳು. ಗೂಡು ಕಡಕ್ಕೆಂದು ಬಿಟ್ಟಿತು.

"ಈಗ ಏಳ್ರಿ," ಅಂದಳು.

"ಐಸಾ!"

ಎದ್ದರು.

ತೊಲೆಯೂ ಅವರ ಜೊತೆ ಎದ್ದಿತು. ಗೂಡು ಬಿಟ್ಟು, ಕಂಬ ಬಿಟ್ಟು, ಹೆಗಲ ಮೇಲೆ. ಭಾರವಿತ್ತು. ಹೊರಬಹುದಾದಷ್ಟೇ ಭಾರ. ದ್ರೌಪತಿಗೆ ಭುಜದ ಮೇಲೆ ತನ್ನ ಪಾಲು ತಿಳಿಯುತ್ತಿತ್ತು, ತಗಡಿನ ಮೇಲಿಂದ ಇಳಿಸಿದ ಆ ಒಂದೇ ತುಂಡು. ನೆಟ್ಟಗೆ ನಿಂತಳು. ತಲೆ ಗಿರ್ರೆಂದಿತು, ನೆಲ ಕೆಳಗೆ ಕೆಳಗೆ ಹೋದಂತೆ, ತಾನೇ ಹಗುರಾಗಿ ಮೇಲೇಳುತ್ತಿದ್ದಂತೆ. ಹಿಂದಿನಿಂದ ಫರಹತ್ ಕಿರುಚಿದಳು: "ಯಾ ಅಲ್ಲಾ, ಬಂತು! ಬಂತು!"

ಏಡಿಯಂತೆ ಅಡ್ಡ ಹೆಜ್ಜೆ ಇಟ್ಟು ರಸ್ತೆಗೆ ಬಂದರು.

ಸರ್ಫರಾಜ್ ಬಾಯಿಯಿಂದ ಪೀಪಿ ತೆಗೆದು ನೋಡುತ್ತಿದ್ದ. ಅವನ ಕಣ್ಣು ಅರಳಿದ್ದವು. ತನ್ನವರ ಕಡೆ ತಿರುಗಿ ಕೈ ಎತ್ತಿದ. ಡೋಲು ಬಿತ್ತು. ಪೀಪಿ ಎದ್ದಿತು. ಮದುಮಗನಿಗೆಂದು ಇಟ್ಟುಕೊಂಡಿದ್ದ ಅತಿ ಜೋರಿನ ಕುಣಿತದ ಮಟ್ಟು.

"ಎಲ್ಲಿ ಇಡೋಣ?" ಯಾರೋ ಕೇಳಿದರು. ಅದನ್ನು ಯಾರೂ ಯೋಚಿಸಿರಲಿಲ್ಲ!

"ಯಾರ ಸಾಮಾನು ಅವರ ಮನಿಗೆ!" ಅಂದಳು ದ್ರೌಪತಿ.

ಹಾಲಿನ ಮುಂಬಾಗಿಲಿನಿಂದ ಅವರು ಎಂದೂ ಒಳಗೆ ಹೋಗಿರಲಿಲ್ಲ. ಪಾತ್ರೆ ತಿಕ್ಕಲು ಕರೆದಾಗ ಹಿಂದಿನ ಬಾಗಿಲು. ಇವತ್ತು ಹೂವಿನ ಕಮಾನಿನ ಕೆಳಗೆ, ಕೆಂಪು ಹಾಸಿನ ಮೇಲೆ, ಕೆಸರುಗಾಲಿನಲ್ಲಿ ನಡೆದರು. ಕಾವಲುಗಾರ ಅಡ್ಡ ಬಂದ. ತೊಲೆ ಹೊತ್ತು ನಡೆಯುತ್ತಿರುವ ಹೆಂಗಸರನ್ನು ನಿಲ್ಲಿಸುವುದು ಹೇಗೆ? ಹಿಂದಕ್ಕೆ ಸರಿದ. ಮಂದಿ ಎರಡಾಗಿ ದಾರಿ ಬಿಟ್ಟರು. ಇದೂ ಕಾರ್ಯಕ್ರಮವೇ ಅಂದುಕೊಂಡು ಕೆಲವರು ಚಪ್ಪಾಳೆ ತಟ್ಟಿದರು. ಒಬ್ಬ ಮುದುಕ ಅಕ್ಕಿಕಾಳು ಹಾಕಿದ. ಮದುಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ನಡು ಅಂಗಳದಲ್ಲಿ ತೊಲೆ ಇಳಿಸಿದರು. ನೆಲ ಧಡ್ ಅಂದಿತು.

ಸಾಹುಕಾರ ಮೆಟ್ಟಿಲು ಇಳಿದು ಓಡಿ ಬಂದ. ಬಾಯಿಂದ ಜಾತಿ ಹಿಡಿದು ಬೈಗುಳ ಬಂದವು. ಹಾಲಿನ ತುಂಬ ಜನ, ಎಲ್ಲರ ಕೈಯಲ್ಲಿ ಮೊಬೈಲು. ಬೈಗುಳ ಅರ್ಧಕ್ಕೆ ನಿಂತಿತು.

ದ್ರೌಪತಿ ಅವನ ಮುಂದೆ ನಿಂತಳು. ಮೂಗಿಗೆ ಮೂಗು. ಅವನು ತನಗಿಂತ ಗಿಡ್ಡ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ.

"ನಿಮ್ಮ ಸಾಮಾನು ನಮ್ಮ ಓಣ್ಯಾಗ ಬಿದ್ದಿತ್ರಿ," ಅಂದಳು. "ತಂದು ಕೊಟ್ಟೇವಿ."

ಸಾಹುಕಾರ ಬ್ಯಾಂಡಿನವರ ಕಡೆ ತಿರುಗಿದ. "ಏನ ನೋಡಾಕತ್ತೀರಿ? ಎತ್ರಿ ಇದನ್ನ! ಮದುವಿ ನಡದದ!"

ಸರ್ಫರಾಜ್ ಪೀಪಿಯ ಬಾಯಿ ಒರೆಸಿದ. "ಎರಡ ಟನ್ ಅಂದ್ರಲ್ರಿ ಈಗ. ಕ್ರೇನ್ ತರಸ್ರಿ."

ಇದು ಪುಕ್ಕಟೆ ಆಗಲಿಲ್ಲ. ಪೊಲೀಸರು ಬಂದರು. ಹೆಂಗಸರು ಒಂದಿಡೀ ದಿನ ಠಾಣೆಯ ಬಿಸಿಲಿನಲ್ಲಿ ಕೂತರು. ಹುಮನಾಬಾದಿನ ಮಿಸ್ತ್ರಿ ದ್ರೌಪತಿಗೆ ಇನ್ನು ಬರಬೇಡ ಅಂದ. ಅವಳು ಬೇರೆ ಕೆಲಸ ಹುಡುಕಿಕೊಂಡಳು. ಆದರೆ ಮದುವೆಯವರ ಮೊಬೈಲಿನಲ್ಲಿದ್ದದ್ದು ಊರೂರು ಸುತ್ತಿತ್ತು. ಓಣಿ ಊರಿನದೆಂದು ಅದೇ ಅಧಿಕಾರಿ ಬಂದು ಹೇಳಿ ಹೋಗಬೇಕಾಯಿತು. ತೊಲೆ ವಾಪಸು ಕಂಬ ಏರಲಿಲ್ಲ. ಇದೆಲ್ಲ ಆಮೇಲಿನ ಮಾತು.

ಆ ಮಧ್ಯಾಹ್ನ ಹೆಂಗಸರು ಹಾಲಿನಿಂದ ಹೊರಗೆ ಬಂದರು. ಬೆವರು, ತುಕ್ಕು, ಕೆದರಿದ ಕೂದಲು. ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಹಾಡುತ್ತ ಓಣಿಯ ಬಾಯಿಗೆ ಬಂದರು. ಎರಡು ಕಂಬಗಳ ನಡುವೆ ಬಂದ ಕೂಡಲೇ ಎಲ್ಲರೂ ಬಗ್ಗಿದರು.

ಅಲ್ಲಿ ಏನೂ ಇರಲಿಲ್ಲ.

ಹಾಡು ನಿಂತಿತು. ಬಗ್ಗಿದಲ್ಲೇ ಒಬ್ಬರ ಮುಖ ಒಬ್ಬರು ನೋಡಿದರು. ತೊಲೆ ಅಂಗಳದಲ್ಲಿ ಬಿದ್ದಿದೆ, ಬೆನ್ನು ಇನ್ನೂ ಇಲ್ಲಿದೆ.

ಸೋನುಬಾಯಿ ಮೊದಲು ಎದ್ದಳು. ನಡುವಿಗೆ ಕೈ ಕೊಟ್ಟು ಮೆಲ್ಲಗೆ ನೆಟ್ಟಗಾದಳು. ಹಿಂದಕ್ಕೆ ಹೋದಳು, ರಸ್ತೆಯ ತನಕ. ತಿರುಗಿದಳು. ಗದ್ದ ಮೇಲೆತ್ತಿ ಎರಡು ಕಂಬಗಳ ನಡುವೆ ನಡೆದು ಬಂದಳು. ಒಳಗೆ ಬಂದು ನಿಂತು, "ಹಿಂಗ!" ಅಂದಳು.

ಫರಹತ್ ಹೊರಗೆ ಓಡಿದಳು, ಒಳಗೆ ನಡೆದು ಬಂದಳು. ದ್ರೌಪತಿ ಹೋದಳು, ಬಂದಳು. ಕಾಲು ಸುಮ್ಮನಿರಲಿಲ್ಲ, ಮತ್ತೆ ಹೋದಳು. ಎಲ್ಲರೂ ಹೊರಗೆ, ಎಲ್ಲರೂ ಒಳಗೆ. ತಲೆಯ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಒಬ್ಬಳು, ಕೈ ಬೀಸಿಕೊಂಡು ಒಬ್ಬಳು, ಹಿಮ್ಮುಖವಾಗಿ ನಡೆಯುತ್ತ ಒಬ್ಬಳು. ಸರ್ಫರಾಜನ ಬ್ಯಾಂಡು ಆ ಕಡೆ ಮದುವೆಗೆ ಬಾರಿಸುತ್ತಿತ್ತೋ ಈ ಕಡೆ ಇವರಿಗೆ ಬಾರಿಸುತ್ತಿತ್ತೋ, ಮಟ್ಟು ಮಾತ್ರ ಓಣಿಯ ತುಂಬ ಬರುತ್ತಿತ್ತು.

ಮಾರುತಿ ಆಟೋ ತಿರುಗಿಸಿಕೊಂಡು ಬಂದ. ಹಿಂದೆ ಜಗದೇವಿ, ಮಡಿಲಲ್ಲಿ ಕೂಸು. ಕಂಬಗಳ ಮುಂದೆ ನಿಂತು ಹಾರ್ನು ಹೊಡೆದ. ಯಾರೂ ಸರಿಯಲಿಲ್ಲ. ಮತ್ತೆ ಹೊಡೆದ.

"ದಾರಿ ಬಿಡವ್ವಾ! ಮನೀಗಿ ಹೋಗಬೇಕು!"

"ತಡಿಯೋ," ಅಂದಳು ದ್ರೌಪತಿ, ಹೊರಗಿನಿಂದ ಒಳಗೆ ಮತ್ತೊಮ್ಮೆ ನಡೆದು ಬರುತ್ತ. "ನಾವು ಇನ್ನಾ ಹೋಗಾಕತ್ತೇವಿ."

ಜಗದೇವಿ ಆಟೋದಿಂದ ಇಳಿದಳು. ಕೂಸನ್ನು ಭುಜಕ್ಕೆ ಹಾಕಿಕೊಂಡು ಅವರ ಸಾಲಿಗೆ ಸೇರಿದಳು.